ನಡುವೆ ಹುಲ್ಲು ಬೆಳೆದ ರಸ್ತೆಗಳು

ಕಳೆದ ಸಂಚಿಕೆಯಲ್ಲಿ ತಾಮ್ಹಿಣಿ ಘಾಟಿನ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಚೆನ್ನೈನ ಓದುಗರೊಬ್ಬರು, "ಮುಳಶಿ, ಪಾನಶೇತ್, ಸಿಂಹಗಡ ಎಲ್ಲ ಆಯಿತು. ಐರ್ಲೆಂಡಿನಲ್ಲಿ ಸೈಕಲ್ ಹೊಡೆದೆ ಅಂತ ಒಮ್ಮೆ ಹೇಳಿದ್ದಿರಲ್ಲ, ಅದು ಯಾವಾಗ?" ಎಂದು ಕೇಳಿದರು. ಬರೆಯಬೇಕೆಂದು ನಾನೂ ನಾಲ್ಕೈದು ಸಲ ಕೂತಿದ್ದೆ. ಆದರೆ ಆ ಮೂರು ದಿನದ ಸವಾರಿಗೆ ನಮ್ಮ ಮನೆಯ ಒಂದು ವಿಷಯವೂ ತಳುಕು ಹಾಕಿಕೊಂಡಿದೆ. ಅದನ್ನು ಬಿಟ್ಟು ಬರೆದರೆ ಅರ್ಧ ಬರೆದಂತೆ. ಸೇರಿಸಿ ಬರೆಯಲು ಅಪ್ಪಯ್ಯನ ಒಪ್ಪಿಗೆ ಬೇಕಿತ್ತು. ಮೊನ್ನೆ ಫೋನಿನಲ್ಲಿ ಕೇಳಿದೆ. "ನನ್ನ ಸುದ್ದಿ ಯಾರು ಓದ್ತಾರೆ ಮಾರಾಯ, ಬರಿ" ಅಂದರು. ಹಾಗಾಗಿ ಈ ಸಲ ಐರ್ಲೆಂಡ್.

2025ರಲ್ಲಿ ಕಂಪನಿಯ ಕೆಲಸಕ್ಕೆಂದು ಮೂರು ತಿಂಗಳು ಡಬ್ಲಿನ್‌ನಲ್ಲಿದ್ದೆ. ಏಪ್ರಿಲ್, ಮೇ ಎರಡೂ ತಿಂಗಳು ಆಫೀಸು, ಬಾಡಿಗೆ ಕೋಣೆ, ಸೂಪರ್ ಮಾರ್ಕೆಟ್ಟಿನ ಅಕ್ಕಿ ಇಷ್ಟರಲ್ಲೇ ಕಳೆದವು. ಜೂನ್ ಮೊದಲ ಸೋಮವಾರ ಅಲ್ಲಿ ಸರ್ಕಾರಿ ರಜೆ. ಶನಿವಾರ, ಭಾನುವಾರ ಸೇರಿದರೆ ಮೂರು ದಿನ ಸಿಗುತ್ತದೆ. ಸೈಕಲ್ ಎಂದ ಕೂಡಲೇ ಎಲ್ಲರೂ ಹೇಳಿದ್ದು ಕೆರಿ ಕೌಂಟಿಯ ಹೆಸರನ್ನು. 'ರಿಂಗ್ ಆಫ್ ಕೆರಿ' ಸುತ್ತು ಸುಮಾರು 179 ಕಿಲೋಮೀಟರ್. ಕಿಲಾರ್ನಿಯ ಸರೋವರಗಳು, ಬೆಟ್ಟ, ಕಡಲು ಎಲ್ಲವೂ ಒಂದೇ ದಾರಿಯಲ್ಲಿ. ಜೊತೆಗೆ ಪ್ರವಾಸಿ ಬಸ್ಸುಗಳ ಸಾಲೂ ಇರುತ್ತದೆ. ನಮ್ಮ ಟೀಮಿನ ಹುಡುಗಿಯೊಬ್ಬಳು ಮಾತ್ರ, "ನಮ್ಮೂರ ಕಡೆ ಹೋಗಿ. ಅಲ್ಲಿಗೆ ಯಾರೂ ಹೋಗುವುದಿಲ್ಲ" ಅಂದಳು. ಅವಳ ಊರು ಲೀಟ್ರಿಮ್.

ಐರ್ಲೆಂಡಿನ ವಾಯವ್ಯಕ್ಕಿರುವ ಸಣ್ಣ ಕೌಂಟಿ ಅದು. ದೇಶದಲ್ಲೇ ಅತಿ ಕಡಿಮೆ ಜನ ಇರುವ ಕೌಂಟಿ. ಕಡಲ ತೀರವೂ ಇದೆ, ಆದರೆ ಬರೀ ನಾಲ್ಕು ಕಿಲೋಮೀಟರಿನಷ್ಟು. ಉಳಿದದ್ದೆಲ್ಲ ಕೆರೆ, ಗುಡ್ಡ, ಜೌಗು. ಹಿಮಯುಗದಲ್ಲಿ ಹಿಮನದಿಗಳು ಸರಿದುಹೋಗುವಾಗ ಮಣ್ಣನ್ನು ಬೋರಲು ಹಾಕಿದ ದೋಣಿಯ ಆಕಾರದಲ್ಲಿ ಗುಡ್ಡೆ ಗುಡ್ಡೆಯಾಗಿ ಬಿಟ್ಟುಹೋದವು. ಅವುಗಳ ನಡುವಿನ ತಗ್ಗುಗಳಲ್ಲಿ ನೀರು ನಿಂತು ನೂರಾರು ಕೆರೆಗಳಾದವು. ಭೂಗೋಳದ ಪುಸ್ತಕಗಳಲ್ಲಿ ಇಂಥ ಗುಡ್ಡೆಗಳಿಗೆ 'ಡ್ರಮ್ಲಿನ್' ಎಂಬ ಹೆಸರಿದೆ. ಆ ಪದ ಐರಿಷ್ ಭಾಷೆಯಿಂದಲೇ ಹೋದದ್ದು. ಸೈಕಲಿನವನಿಗೆ ಇದರ ಅರ್ಥ ಇಷ್ಟೇ: ಘಾಟಿನಂಥ ಉದ್ದನೆಯ ಏರು ಕಡಿಮೆ; ಆದರೆ ಸಮತಟ್ಟು ಎಂಬುದು ಇಲ್ಲವೇ ಇಲ್ಲ. ಐದು ನಿಮಿಷ ಹತ್ತು, ಎರಡು ನಿಮಿಷ ಇಳಿ. ಒಂದೊಂದು ಏರು ಚಿಕ್ಕದೇ, ಸಂಜೆ ಲೆಕ್ಕ ಹಾಕಿದಾಗ ಮಾತ್ರ ಸಿಂಹಗಡವನ್ನು ಒಂದೂವರೆ ಸಲ ಹತ್ತಿದಷ್ಟಾಗಿರುತ್ತದೆ.

ಡಬ್ಲಿನ್‌ನ ಕಾನಲಿ ನಿಲ್ದಾಣದಿಂದ ಸ್ಲೈಗೊ ಕಡೆಗೆ ಹೋಗುವ ರೈಲಿನಲ್ಲಿ ಸೈಕಲ್ಲಿಗೂ ಮೊದಲೇ ಜಾಗ ಕಾದಿರಿಸಬೇಕು. ಬಾಡಿಗೆ ಸೈಕಲ್ಲನ್ನು ಕೊಕ್ಕೆಗೆ ತೂಗುಹಾಕಿ ಕೂತೆ. ಶನಿವಾರ ಬೆಳಿಗ್ಗೆ ಕ್ಯಾರಿಕ್-ಆನ್-ಶಾನನ್‌ನಲ್ಲಿ ಇಳಿದೆ. ಶಾನನ್ ಅಂದರೆ ಐರ್ಲೆಂಡಿನ ಅತಿ ಉದ್ದದ ನದಿ, ಸುಮಾರು 360 ಕಿಲೋಮೀಟರ್. ಊರಿನ ದಂಡೆಯಲ್ಲಿ ಬಿಳಿ ದೋಣಿಗಳು ಸಾಲಾಗಿ ನಿಂತಿದ್ದವು. ನಾನು ಹೊರಟದ್ದು ನದಿಯ ಹರಿವಿಗೆ ಎದುರಾಗಿ, ಉತ್ತರಕ್ಕೆ.

ಮೊದಲ ದಿನ ಡ್ರಮ್‌ಶಾನ್ಬೊ ಎಂಬ ಊರಿಗೆ ಹೋಗಿ, ಬ್ಯಾಗನ್ನು ಉಳಿದುಕೊಳ್ಳುವ ಮನೆಯಲ್ಲಿಟ್ಟು ಅಲೆನ್ ಸರೋವರವನ್ನು ಒಂದು ಸುತ್ತು ಹಾಕಿದೆ. ಸುತ್ತೊಂದೇ ಐವತ್ತು ಕಿಲೋಮೀಟರಿನ ಹತ್ತಿರ. ಲೀಟ್ರಿಮ್ ಹಳ್ಳಿಯಿಂದ ಡ್ರಮ್‌ಶಾನ್ಬೊವರೆಗೆ ಹಳೆಯ ಕಾಲುವೆಯ ಪಕ್ಕದಲ್ಲಿ ನಡೆಯುವವರಿಗೂ ಸೈಕಲಿನವರಿಗೂ ದಾರಿ ಮಾಡಿದ್ದಾರೆ. ಅದರ ಒಂದು ಭಾಗ ಏಕರ್ಸ್ ಎಂಬ ಕೆರೆಯ ಮೇಲೆ ತೇಲುವ ಹಲಗೆ ಸೇತುವೆ. ಪೆಡಲ್ ಮಾಡುವಾಗ ಕಾಲಡಿಯ ನೆಲವೇ ಸ್ವಲ್ಪ ತುಯ್ದ ಹಾಗಾಗುತ್ತದೆ. ಎದುರಿನಿಂದ ಮಕ್ಕಳ ಗಾಡಿ ತಳ್ಳಿಕೊಂಡು ಬರುವವರಿದ್ದರೆ ಇಳಿದು ನಿಲ್ಲುವುದು ವಾಸಿ.

ಅಲೆನ್ ಸರೋವರದ ಪೂರ್ವ ದಂಡೆಯಲ್ಲಿ R207 ರಸ್ತೆ. ಎಡಕ್ಕೆ ನೀರು, ಬಲಕ್ಕೆ ಸ್ಲೀವ್ ಅನೀರಿನ್ ಬೆಟ್ಟ. ಹೆಸರಿನ ಅರ್ಥ 'ಕಬ್ಬಿಣದ ಬೆಟ್ಟ'. 585 ಮೀಟರ್ ಎತ್ತರ. ನಮ್ಮ ಸಹ್ಯಾದ್ರಿಗೆ ಹೋಲಿಸಿದರೆ ಗುಡ್ಡ ಎನ್ನಬೇಕು. ಆದರೆ ಕೆರೆಯ ಮಟ್ಟದಿಂದಲೇ ನೇರವಾಗಿ ಎದ್ದು, ಮೈಮೇಲೆ ಒಂದೂ ಮರವಿಲ್ಲದೆ, ತಲೆಗೆ ಮೋಡ ಸುತ್ತಿಕೊಂಡು ನಿಂತದ್ದನ್ನು ನೋಡಿದರೆ ದೊಡ್ಡದೇ ಅನ್ನಿಸುತ್ತದೆ. ಇಲ್ಲಿನ ಅದಿರಿನಿಂದ ಹಿಂದೆ ಕಬ್ಬಿಣ ತೆಗೆಯುತ್ತಿದ್ದರು. ಕುಲುಮೆಗೆ ಇದ್ದಿಲು ಬೇಕಲ್ಲ, ಸುತ್ತಲಿನ ಕಾಡೆಲ್ಲ ಅದಕ್ಕೇ ಹೋಯಿತು.

ಸರೋವರದ ಉತ್ತರಕ್ಕೆ ಡೌರಾ. ಶಾನನ್ ನದಿ ಹಾದುಹೋಗುವ ಮೊದಲ ಹಳ್ಳಿ. ಅಲ್ಲಿ ನದಿ ನಮ್ಮೂರ ಹಳ್ಳದಷ್ಟೇ ಅಗಲ. ಸೇತುವೆಯ ಮೇಲೆ ನಿಂತು ಬಾಳೆಹಣ್ಣು ತಿಂದು, ಪಶ್ಚಿಮ ದಂಡೆ ಹಿಡಿದೆ. ಈ ಕಡೆ ಅರಿಗ್ನಾ. ಮುಖ್ಯರಸ್ತೆ ಬಿಟ್ಟು ಆ ಕಡೆ ತಿರುಗಿದ್ದೇ ಸಣ್ಣ ಗೇರಿಗೆ ಬರಬೇಕಾಯಿತು. ಇಲ್ಲಿ ಕಲ್ಲಿದ್ದಲಿನ ಗಣಿಗಳಿದ್ದವು. ಇದ್ದಿಲಿನ ಪದರ ಎಷ್ಟು ತೆಳುವಾಗಿತ್ತೆಂದರೆ ಕಾರ್ಮಿಕರು ಒದ್ದೆ ನೆಲದಲ್ಲಿ ಪಕ್ಕಕ್ಕೆ ಮಲಗಿಕೊಂಡೇ ಅಗೆಯಬೇಕಿತ್ತು. ಕೆರೆಯ ದಂಡೆಯಲ್ಲಿ ಆ ಇದ್ದಿಲಿನಿಂದಲೇ ನಡೆಯುವ ವಿದ್ಯುತ್ ಕೇಂದ್ರವನ್ನು 1958ರಲ್ಲಿ ಕಟ್ಟಿದರು. 1990ರಲ್ಲಿ ಅದು ಮುಚ್ಚಿತು, ಗಣಿಯೂ ಮುಚ್ಚಿತು. 2003ರಿಂದ ಗಣಿಯ ಒಂದು ಸುರಂಗವನ್ನು ಮ್ಯೂಸಿಯಂ ಮಾಡಿದ್ದಾರೆ. ಗಣಿಯಲ್ಲಿ ದುಡಿದವರೇ ಒಳಗೆ ಕರೆದುಕೊಂಡು ಹೋಗಿ ತೋರಿಸುವ ಪದ್ಧತಿ. ಹೊರಗೆ ಬಂದು ತಲೆ ಎತ್ತಿದರೆ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಕೆಳಗೆ ಇಡೀ ಸರೋವರ, ಸುಮಾರು 35 ಚದರ ಕಿಲೋಮೀಟರಿನಷ್ಟು ನೀರು, ಬೂದುಬಣ್ಣದ ತಗಡಿನ ಹಾಗೆ ಬಿದ್ದಿರುತ್ತದೆ.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ಲಿಂಗನಮಕ್ಕಿ. ಅದಕ್ಕೆ ಕಾರಣವೂ ಇದೆ. ಶಾನನ್ ನದಿಗೆ ಕೆಳಗೆ ಆರ್ಡ್‌ನಕ್ರುಶಾ ಎಂಬಲ್ಲಿ 1929ರಲ್ಲಿ ಜಲವಿದ್ಯುತ್ ಕೇಂದ್ರ ಶುರುವಾಯಿತು. ಅದಕ್ಕೆ ಬೇಕಾದ ನೀರನ್ನು ಹಿಡಿದಿಟ್ಟುಕೊಳ್ಳಲು ಈ ಸರೋವರದ ಬಾಯಿಗೂ ಬಾಗಿಲು ಹಾಕಿದರು. ಇಲ್ಲಿ ಇದ್ದ ಕೆರೆಯನ್ನೇ ಬಳಸಿಕೊಂಡರು. ನಮ್ಮ ಕಡೆ ಹಾಗಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ನೀರಿನಡಿ ಹೋದವು. ಅದರಲ್ಲಿ ನಮ್ಮ ಅಜ್ಜನ ಮನೆಯೂ ಒಂದು. ಅಪ್ಪಯ್ಯನಿಗೆ ಆಗ ಹದಿಮೂರು ವರ್ಷ. ಎತ್ತಿನ ಗಾಡಿಯಲ್ಲಿ ಬಾಗಿಲು, ತೊಲೆ, ಹಂಡೆ, ಒನಕೆ ಎಲ್ಲ ಹೇರಿಕೊಂಡು ಹೊರಟದ್ದನ್ನು ಅವರು ಹೇಳುವುದು ಅಪರೂಪ. ಹೇಳಿದರೂ ಒಂದೇ ವಾಕ್ಯ: "ನಾಯಿ ಬರಲಿಲ್ಲ."

ಈಗ ಮನೆಯ ವಿಷಯ. ಅಮ್ಮ ಹೋಗಿ ಮೂರು ವರ್ಷ. ಅಪ್ಪಯ್ಯ ಎಪ್ಪತ್ನಾಲ್ಕರ ಮನುಷ್ಯ, ಒಬ್ಬರೇ ಇದ್ದಾರೆ. ಎರಡೆಕರೆ ಅಡಿಕೆ ತೋಟ, ಕೊನೆ ಕೊಯ್ಯಲು ಜನ ಸಿಗುವುದಿಲ್ಲ, ಎಲೆಚುಕ್ಕಿ ರೋಗ ಬೇರೆ. ಪುಣೆಗೆ ಬನ್ನಿ ಎಂದು ನಾನು, ಬೆಂಗಳೂರಿಗೆ ಬನ್ನಿ ಎಂದು ತಂಗಿ. ಅವರು ಎರಡಕ್ಕೂ "ನೋಡೋಣ" ಅನ್ನುವವರು. ಡಬ್ಲಿನ್‌ಗೆ ಹೊರಡುವ ಮೊದಲು ಊರಿಗೆ ಹೋಗಿ ನಾನೇ ಒಂದು ಗಿರಾಕಿ ಹುಡುಕಿ, ದರ ಮಾತಾಡಿ ಬಂದಿದ್ದೆ. ವಾಪಸು ಬಂದ ಮೇಲೆ ಮುಂಗಡ ತೆಗೆದುಕೊಳ್ಳುವುದು ಎಂದಾಗಿತ್ತು. ಅಪ್ಪಯ್ಯ ಎದುರಾಡಲಿಲ್ಲ. ಎದುರಾಡಲಿಲ್ಲ ಎಂಬುದನ್ನೇ ನಾನು ಒಪ್ಪಿಗೆ ಎಂದುಕೊಂಡೆ. ಅರಿಗ್ನಾ ಗುಡ್ಡದ ಮೇಲೆ ಅದೇ ಮೊದಲ ಸಲ ಆ ಲೆಕ್ಕದ ಬಗ್ಗೆ ಅನುಮಾನ ಬಂತು. ಇಳಿಜಾರು ಚೆನ್ನಾಗಿತ್ತು, ಬ್ರೇಕಿನ ಕಡೆ ಗಮನ ಕೊಡುತ್ತ ಮರೆತೆ.

ಎರಡನೆಯ ದಿನ ಡ್ರಮ್‌ಕೀರನ್, ಡ್ರಮಹೇರ್ ದಾಟಿ ಗಿಲ್ ಸರೋವರ. ಮಳೆ. ಐರ್ಲೆಂಡಿನ ಮಳೆಯ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಆಗುಂಬೆಯ ಆಚೀಚೆ ಹುಟ್ಟಿದವರಿಗೆ ಮೊದಲು ನಗು ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಸುರಿದರೆ ಇಲ್ಲಿ ಬಯಲಿನಲ್ಲಿ 1000ದಿಂದ 1400. ಆದರೆ ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಇಲ್ಲಿನ ಪಶ್ಚಿಮ ಭಾಗದಲ್ಲಿ ವರ್ಷಕ್ಕೆ ಸುಮಾರು 225 ದಿನ ಮಳೆ. ಜೂನ್‌ನಲ್ಲೂ ಹನ್ನೆರಡು ಡಿಗ್ರಿ ಚಳಿಯಲ್ಲಿ ಸೂಜಿಯಂಥ ಹನಿ. ಹತ್ತು ನಿಮಿಷ ಬಿಸಿಲು, ಮತ್ತೆ ಹನಿ. ಜಾಕೆಟ್ ತೆಗೆಯುವುದು, ಹಾಕುವುದು ಇದೇ ಒಂದು ಕೆಲಸ. ಮಧ್ಯಾಹ್ನದ ಹೊತ್ತಿಗೆ ನಾನು ತೆಗೆಯುವುದನ್ನೇ ಬಿಟ್ಟೆ.

ಡ್ರಮಹೇರ್‌ನಲ್ಲಿ 1508ರಲ್ಲಿ ಸ್ಥಾಪನೆಯಾದ ಕ್ರೀವ್‌ಲೀ ಎಂಬ ಸನ್ಯಾಸಿಮಠದ ಪಾಳು ಗೋಡೆಗಳಿವೆ. ಛಾವಣಿ ಇಲ್ಲ, ಒಳಗೆಲ್ಲ ಹುಲ್ಲು, ಸಮಾಧಿಗಳು. ಅಲ್ಲಿಂದ ಮುಂದೆ ಗಿಲ್ ಸರೋವರ ಕಾಣಿಸುತ್ತದೆ. ಉತ್ತರ ದಂಡೆಯಲ್ಲಿ ಹದಿನೇಳನೆಯ ಶತಮಾನದ ಪಾರ್ಕ್ಸ್ ಕೋಟೆ, ದಕ್ಷಿಣ ದಂಡೆಯ ಹತ್ತಿರ ಇನ್ನಿಸ್ಫ್ರೀ ಎಂಬ ಪುಟ್ಟ ದ್ವೀಪ. ಇಂಗ್ಲಿಷ್ ಎಂ.ಎ. ಮಾಡಿದವರು ಇಲ್ಲಿ ಕಿವಿ ನಿಮಿರಿಸುತ್ತಾರೆ. ಡಬ್ಲ್ಯು. ಬಿ. ಯೇಟ್ಸ್ ಆ ದ್ವೀಪದ ಮೇಲೆ ಬರೆದ ಪದ್ಯ 1890ರಲ್ಲಿ ಪ್ರಕಟವಾಯಿತು. ಅದನ್ನು ಅವರು ಬರೆದದ್ದು ಇಲ್ಲಿ ಕೂತು ಅಲ್ಲ, ಲಂಡನ್ನಿನಲ್ಲಿದ್ದಾಗ. ಫ್ಲೀಟ್ ಸ್ಟ್ರೀಟಿನಲ್ಲಿ ನಡೆಯುವಾಗ ಅಂಗಡಿಯ ಕಿಟಕಿಯಲ್ಲಿ ಚಿಮ್ಮುವ ಒಂದು ಸಣ್ಣ ಕಾರಂಜಿ ಕಂಡು ಊರ ಕಡೆಯ ಕೆರೆಯ ನೀರು ನೆನಪಾಯಿತೆಂದು ಅವರೇ ಬರೆದುಕೊಂಡಿದ್ದಾರೆ. ಕೋಥ್ರೂಡಿನ ಹೋಟೆಲಿನಲ್ಲಿ ಯಾರದೋ ತಟ್ಟೆಯ ನೀರುದೋಸೆ ಕಂಡು ಊರು ನೆನೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದ್ವೀಪವನ್ನು ನೋಡಲೆಂದೇ ದಕ್ಷಿಣ ದಂಡೆಯ R287 ರಸ್ತೆ ಬಿಟ್ಟು ಕವಲುದಾರಿಯಲ್ಲಿ ಹೋದೆ. ಒಂದು ಸಣ್ಣ ದೋಣಿಕಟ್ಟೆ, ಎದುರಿಗೆ ನಾಲ್ಕು ಪೊದೆ ಇರುವ ತುಣುಕು ನೆಲ. ಅಷ್ಟೇ. ನೋಡಲು ಬಂದಿದ್ದ ಇನ್ನೊಬ್ಬರು, "ಇಷ್ಟೇನಾ?" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ, ಹೇಳಲಿಲ್ಲ. ಹಾಗೆಯೇ ಹಿಂದಕ್ಕೆ ಬಂದು ಉತ್ತರ ದಂಡೆ ಹಿಡಿದು, ರಾತ್ರಿ ಮ್ಯಾನರ್‌ಹ್ಯಾಮಿಲ್ಟನ್‌ನಲ್ಲಿ ತಂಗಿದೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಹೊಟ್ಟೆಗೆ ಹಾಕಿಕೊಂಡು ಹೊರಗೆ ಬಂದರೆ ಇನ್ನೂ ಸಂಜೆ.

ಈ ರಸ್ತೆಗಳ ಬಗ್ಗೆ ಒಂದು ಮಾತು. ಐರ್ಲೆಂಡಿನಲ್ಲಿ N ಅಕ್ಷರದವು ರಾಷ್ಟ್ರೀಯ ರಸ್ತೆ, R ಪ್ರಾದೇಶಿಕ, L ಸ್ಥಳೀಯ. ಸೈಕಲಿನವರ ಸುಖವೆಲ್ಲ L ರಸ್ತೆಗಳಲ್ಲಿದೆ. ಒಂದು ಕಾರು ಹೋಗುವಷ್ಟೇ ಅಗಲ, ಎರಡೂ ಕಡೆ ಪೊದೆಬೇಲಿ, ರಸ್ತೆಯ ನಟ್ಟನಡುವೆ ಉದ್ದಕ್ಕೂ ಹುಲ್ಲಿನ ಪಟ್ಟಿ. ಚಕ್ರಗಳು ಓಡಾಡುವ ಎರಡು ಗೆರೆಯಲ್ಲಷ್ಟೇ ಡಾಂಬರು. ನಮ್ಮೂರಿನ ಗಾಡಿದಾರಿಯ ಹಾಗೆಯೇ. ಎದುರಿಗೆ ಕಾರು ಬಂದರೆ ಡ್ರೈವರು ಸ್ಟೀರಿಂಗಿನಿಂದ ಕೈ ತೆಗೆಯದೆ ಒಂದೇ ಒಂದು ಬೆರಳು ಎತ್ತುತ್ತಾರೆ. ಅದು ನಮಸ್ಕಾರ. ಮೊದಲ ದಿನ ನಾನು ಏನೋ ತಪ್ಪು ಮಾಡಿದೆನೆಂದುಕೊಂಡು ಗಾಬರಿಯಾಗಿದ್ದೆ. ಮೂರನೆಯ ದಿನ ನಾನೂ ಹ್ಯಾಂಡಲ್‌ನಿಂದ ಬೆರಳು ಎತ್ತುತ್ತಿದ್ದೆ.

ಬೋರ್ಡುಗಳಲ್ಲಿ ಮೇಲೆ ಐರಿಷ್, ಕೆಳಗೆ ಇಂಗ್ಲಿಷ್. ಇಂಗ್ಲಿಷಿನಲ್ಲಿ ಅರ್ಥವಿಲ್ಲದ ಹೆಸರು ಐರಿಷ್‌ನಲ್ಲಿ ಬಿಡಿಸಿಕೊಳ್ಳುತ್ತದೆ. ಡ್ರಮ್ ಅಂದರೆ ದಿಬ್ಬ, ಗ್ಲೆನ್ ಅಂದರೆ ಕಣಿವೆ, ಲೀಟ್ರಿಮ್ ಅಂದರೆ ಬೂದು ದಿಬ್ಬ. ನಮ್ಮ ಕೊಪ್ಪ, ಗದ್ದೆ, ಕಟ್ಟೆ, ಕೆರೆಗಳ ಹಾಗೆ. ಬ್ರಿಟಿಷರ ಸರ್ವೆಯವರು ಹತ್ತೊಂಬತ್ತನೆಯ ಶತಮಾನದಲ್ಲಿ ನಕ್ಷೆ ಮಾಡುತ್ತ ಈ ಹೆಸರುಗಳನ್ನು ಇಂಗ್ಲಿಷ್ ಕಿವಿಗೆ ಕೇಳಿದಂತೆ ಬರೆದುಕೊಂಡರು. ಬ್ರಯನ್ ಫ್ರೀಲ್ ಅವರು ಇದನ್ನೇ ವಸ್ತುವಾಗಿಟ್ಟುಕೊಂಡು 1980ರಲ್ಲಿ 'ಟ್ರಾನ್ಸ್‌ಲೇಷನ್ಸ್' ನಾಟಕ ಬರೆದರು. ನಾನು ಹೋದ ದಾರಿಯಲ್ಲಿ ಐರಿಷ್ ಆಡುಭಾಷೆ ಎಲ್ಲೂ ಕಿವಿಗೆ ಬೀಳಲಿಲ್ಲ. ಬೋರ್ಡಿನಲ್ಲಿ ಮಾತ್ರ ಇತ್ತು.

ಮೂರನೆಯ ದಿನ ದೊಡ್ಡ ಸುತ್ತು. ಮ್ಯಾನರ್‌ಹ್ಯಾಮಿಲ್ಟನ್‌ನಿಂದ ಗ್ಲೆನ್‌ಫಾರ್ನ್ ಮೇಲೆ ಬ್ಲ್ಯಾಕ್‌ಲಯನ್, ಅಲ್ಲಿಂದ ದಕ್ಷಿಣಕ್ಕೆ ಗುಡ್ಡಗಳನ್ನು ಹತ್ತಿ ಡೌರಾ, ಮತ್ತೆ ಕ್ಯಾರಿಕ್‌ಗೆ. ಹತ್ತಿರ ಹತ್ತಿರ ಎಂಬತ್ತು ಕಿಲೋಮೀಟರ್. ಸಂಜೆಯ ರೈಲು ಹಿಡಿಯಬೇಕು. ಬ್ಲ್ಯಾಕ್‌ಲಯನ್ ಗಡಿಯೂರು. ಒಂದು ಸೇತುವೆ ದಾಟಿದರೆ ಬೆಲ್ಕೂ, ಅದು ಉತ್ತರ ಐರ್ಲೆಂಡಿನ ಫರ್ಮಾನಾ ಕೌಂಟಿ. ಗಡಿ ಎಲ್ಲಿ ಎಂದು ಗೊತ್ತಾಗುವುದು ವೇಗದ ಬೋರ್ಡಿನಿಂದ: ಈಚೆ ಕಿಲೋಮೀಟರ್, ಆಚೆ ಮೈಲಿ. ಗಲಭೆಯ ದಶಕಗಳಲ್ಲಿ ಈ ಗಡಿಯ ಎಷ್ಟೋ ಸಣ್ಣ ರಸ್ತೆಗಳನ್ನು ಸೈನ್ಯ ಗುಂಡಿ ತೋಡಿ, ಕಾಂಕ್ರೀಟು ಇಟ್ಟು ಮುಚ್ಚಿತ್ತು. ಪಕ್ಕದ ಹೊಲಕ್ಕೆ ಹೋಗಲೂ ಊರು ಸುತ್ತಬೇಕಿತ್ತು. 1990ರ ದಶಕದಲ್ಲಿ ಅವು ಮತ್ತೆ ತೆರೆದವು, 1998ರಲ್ಲಿ ಶಾಂತಿ ಒಪ್ಪಂದವಾಯಿತು. ಈಗ ಕಿಂಗ್‌ಫಿಷರ್ ಎಂಬ ಸೈಕಲ್ ಮಾರ್ಗ ಈ ಗಡಿಯನ್ನು ಆಚೀಚೆ ದಾಟುತ್ತ ಹೋಗುತ್ತದೆ. ನಾನೂ ಸೇತುವೆ ದಾಟಿ ಆ ಬದಿಯಲ್ಲಿ ಒಂದು ಚಹಾ ಕುಡಿದು ಬಂದೆ. ಯಾರೂ ಏನೂ ಕೇಳಲಿಲ್ಲ. ನನ್ನ ವೀಸಾ ಆ ದೇಶಕ್ಕೆ ನಡೆಯುವುದಿಲ್ಲ ಎಂಬುದು ವಾಪಸು ಬಂದ ಮೇಲೆ ತಲೆಗೆ ಹೊಳೆಯಿತು! ಭಾರತೀಯ ಪಾಸ್‌ಪೋರ್ಟಿನವರು ದಯವಿಟ್ಟು ನನ್ನ ಹಾಗೆ ಮಾಡಬೇಡಿ. ತಪಾಸಣೆ ಇಲ್ಲದಿದ್ದರೂ ಕಾನೂನು ಇದೆ.

ಕ್ವಿಲ್ಕಾ ಬೆಟ್ಟದ ಬುಡದಲ್ಲಿ, ಮುಖ್ಯದಾರಿ ಬಿಟ್ಟು ಸ್ವಲ್ಪ ಒಳಗೆ 'ಶಾನನ್ ಪಾಟ್' ಇದೆ. ಶಾನನ್ ನದಿ ಹುಟ್ಟುವ ಜಾಗ. ಹದಿನೈದು ಹದಿನಾರು ಮೀಟರ್ ಅಗಲದ ಕಪ್ಪು ನೀರಿನ ಗುಂಡಿ. ಸುಣ್ಣಕಲ್ಲಿನ ನೆಲದಡಿಯಿಂದ ನೀರು ಬಂದು ಇಲ್ಲಿ ಮೇಲೇಳುತ್ತದೆ. ಕಡಲದೇವರ ಮೊಮ್ಮಗಳು ಶಾನನ್ ಎಂಬವಳು ಜ್ಞಾನ ಬೇಕೆಂದು ಮುಟ್ಟಬಾರದ ಬಾವಿಗೆ ಬಂದಳಂತೆ, ನೀರು ಉಕ್ಕಿ ಅವಳನ್ನು ಎಳೆದುಕೊಂಡು ಹೋಗಿ ನದಿಯಾಯಿತಂತೆ. ನಮ್ಮ ತಲಕಾವೇರಿಯಾಗಿದ್ದರೆ ಇಷ್ಟು ಹೊತ್ತಿಗೆ ಕಾಯಿ, ಹೂವು, ಚಪ್ಪಲಿ ಸ್ಟ್ಯಾಂಡು ಇರುತ್ತಿದ್ದವು. ಇಲ್ಲಿ ನಾನೊಬ್ಬನೇ.

ಅಲ್ಲಿಂದ ಹೊರಟು ಅರ್ಧ ಗಂಟೆಯಾಗಿಲ್ಲ, ಒಂದು ಏರಿನಲ್ಲಿ ಎದ್ದು ನಿಂತು ಪೆಡಲ್ ಒತ್ತಿದೆ. ಟಕ್ ಅಂತು. ಚೈನ್ ತುಂಡಾಗಿ ರಸ್ತೆಯ ಮೇಲೆ ಬಿತ್ತು. ತಪ್ಪು ನನ್ನದೇ. ದೊಡ್ಡ ಗೇರಿನಲ್ಲೇ ಜಗ್ಗಿಕೊಂಡು ಹತ್ತುತ್ತಿದ್ದೆ. ಪುಣೆಯಲ್ಲಿ ಸೈಕಲ್ಲಿನ ಸೀಟಿನಡಿ ಸದಾ ಇರುವ ಚೈನ್ ಟೂಲ್ ಇಲ್ಲಿ ಇರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಮಳೆ ಜೋರಾಯಿತು. ತಳ್ಳಿಕೊಂಡು ಹೊರಟೆ. ನಿಂತ ಮೇಲೆ ಬೆವರು ಆರಿ ಚಳಿ ಹಿಡಿಯಿತು. ಬೆರಳು ಮಡಚಲು ಆಗುತ್ತಿರಲಿಲ್ಲ. ಒಂದು ಮನೆ ಕಂಡಿತು, ಓಡಿ ಹೋದೆ. ಕಿಟಕಿಗೆ ಹಲಗೆ ಹೊಡೆದಿತ್ತು. ಇನ್ನೊಂದು ಮನೆ, ಅದಕ್ಕೆ ಮಾಡೇ ಇರಲಿಲ್ಲ. ಮೂರು ದಿನದಿಂದ ಇಂಥ ಮನೆಗಳ ಫೋಟೋ ತೆಗೆಯುತ್ತ ಬಂದವನಿಗೆ ಆಗ ಅವುಗಳ ಅರ್ಥ ಗೊತ್ತಾಯಿತು. ಬಾಗಿಲು ತಟ್ಟಿದರೆ ತೆಗೆಯಲು ಯಾರೂ ಇಲ್ಲ.

ಲೀಟ್ರಿಮ್ ಕೌಂಟಿಯಲ್ಲಿ 1841ರಲ್ಲಿ ಸುಮಾರು ಒಂದು ಲಕ್ಷ ಐವತ್ತೈದು ಸಾವಿರ ಜನ ಇದ್ದರು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಮಹಾಕ್ಷಾಮ ಬಂತು. ಸತ್ತವರು ಸತ್ತರು, ಉಳಿದವರು ಹಡಗು ಹತ್ತಿದರು. ಕ್ಷಾಮ ಮುಗಿದರೂ ಹೋಗುವುದು ನಿಲ್ಲಲಿಲ್ಲ. ಅಮೆರಿಕ, ಇಂಗ್ಲೆಂಡ್, ಆಮೇಲೆ ಡಬ್ಲಿನ್. 1996ರ ಹೊತ್ತಿಗೆ ಉಳಿದವರು ಸುಮಾರು 25 ಸಾವಿರ. 2022ರಲ್ಲಿ ಸ್ವಲ್ಪ ಏರಿ 35 ಸಾವಿರ. ಗಡಿಯಾಚೆಯ ಕ್ಯಾವನ್ ಬೆಟ್ಟಗಳ ಕಥೆಯೂ ಇದೇ. ಅಂಕಿಅಂಶಗಳನ್ನು ರೈಲಿನಲ್ಲಿ ಬರುವಾಗಲೇ ಓದಿಕೊಂಡಿದ್ದೆ.

ಎರಡು ಕಿಲೋಮೀಟರ್ ನಡೆದ ಮೇಲೆ ಹಿಂದಿನಿಂದ ಟ್ರ್ಯಾಕ್ಟರ್ ಬಂತು. ಓಡಿಸುತ್ತಿದ್ದವರು ಎಪ್ಪತ್ತು ದಾಟಿದ ಅಜ್ಜ, ಪಕ್ಕದಲ್ಲಿ ಕಪ್ಪು ಬಿಳಿ ನಾಯಿ. ಏನಾಯಿತೆಂದು ಕೇಳಲೂ ಇಲ್ಲ. ಕೈಯಲ್ಲಿ ತೂಗುತ್ತಿದ್ದ ಚೈನ್ ನೋಡಿ, ಹಿಂದಿನ ಟ್ರೈಲರ್ ಕಡೆ ತಲೆ ಆಡಿಸಿದರು. ಸೈಕಲ್ಲನ್ನೂ ನನ್ನನ್ನೂ ಹೇರಿಕೊಂಡು ಮನೆಗೆ ಕರೆದೊಯ್ದರು. ಮೊದಲು ಒಲೆಯ ಮುಂದೆ ಕೂರಿಸಿ ಚಹಾ, ಬೆಣ್ಣೆ ಹಚ್ಚಿದ ಕಂದು ಬ್ರೆಡ್ಡು ಕೊಟ್ಟರು. ಆಮೇಲೆ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಚೈನನ್ನು ವೈಸ್‌ಗೆ ಸಿಕ್ಕಿಸಿ, ಒಂದು ಮೊಳೆ ಮತ್ತು ಸುತ್ತಿಗೆಯಿಂದ ಮುರಿದ ಕೊಂಡಿಯ ಪಿನ್ನನ್ನು ತಟ್ಟಿ ತೆಗೆದು, ಕೊಂಡಿ ಕಡಿಮೆ ಮಾಡಿ ಮತ್ತೆ ಜೋಡಿಸಿದರು. ಕನ್ನಡಕ ಹಾಕದೆ! "ನಡುವಿನ ಗೇರು ಬಿಡಬೇಡ, ಎದ್ದು ನಿಂತು ತುಳಿಯಬೇಡ" ಅಂದರು.

ಯಾವ ಊರು ಎಂದರು. ಇಂಡಿಯಾ ಎಂದೆ. "ಅದು ದೇಶ. ಊರು ಯಾವುದು?" ಹೊಸನಗರದ ಹೆಸರು ಹೇಳಿದೆ. ಅಡಿಕೆ ಎಂದರೆ ಏನೆಂದು ವಿವರಿಸುವಷ್ಟರಲ್ಲಿ ಸಾಕಾಯಿತು. ಮನೆಯಲ್ಲಿ ಯಾರಿದ್ದಾರೆ ಎಂದರು. ಅಪ್ಪ ಒಬ್ಬರೇ ಎಂದೆ. ಅವರೂ ಒಬ್ಬರೇ. ಮಗ ಸಿಡ್ನಿ, ಮಗಳು ಬಾಸ್ಟನ್. ಗೋಡೆಯ ಮೇಲೆ ಮೊಮ್ಮಕ್ಕಳ ಫೋಟೋ, ಅದರ ಕೆಳಗೆ ಎರಡು ಗಡಿಯಾರ, ಆ ಎರಡು ಊರಿನ ಹೊತ್ತು ತೋರಿಸುವುದಕ್ಕೆ.

ಕಿಟಕಿಯಾಚೆ ಗುಡ್ಡದ ಮೇಲೆ ಕಡು ಹಸುರಿನ ಕಾಡು ಕಾಣುತ್ತಿತ್ತು. ಚೆನ್ನಾಗಿದೆ ಎಂದೆ. ಅವರ ಮುಖ ಸಪ್ಪಗಾಯಿತು. ಅದು ಸಿಟ್ಕಾ ಸ್ಪ್ರೂಸ್, ಉತ್ತರ ಅಮೆರಿಕದ ಮರ. ಮಕ್ಕಳು ಹೊರಗೆ ಹೋದ ಮನೆಗಳ ಜಮೀನು ಮಾರಾಟಕ್ಕೆ ಬಂದಾಗ ಹೂಡಿಕೆದಾರರು ಕೊಂಡು ಸಾಲಾಗಿ ಇದನ್ನು ನೆಡುತ್ತಾರೆ. ಮೂವತ್ತು ನಲವತ್ತು ವರ್ಷಕ್ಕೆ ಒಮ್ಮೆಲೇ ಕಡಿಯುತ್ತಾರೆ. ಅದರ ಕತ್ತಲೆಯಲ್ಲಿ ಬೇರೇನೂ ಬೆಳೆಯುವುದಿಲ್ಲ. ಐರ್ಲೆಂಡಿನಲ್ಲಿ ಕಾಡು ಹೆಚ್ಚಿರುವ ಕೌಂಟಿಗಳಲ್ಲಿ ಲೀಟ್ರಿಮ್ ಒಂದು ಅನ್ನುತ್ತಾರೆ. ಆ ಕಾಡೆಂದರೆ ಬಹುಪಾಲು ಇಂಥದ್ದೇ. ನಮ್ಮ ಮಲೆನಾಡಿನ ಅಕೇಶಿಯಾ ನೆಡುತೋಪು ನೋಡಿದವರಿಗೆ ಬೇರೆ ಹೇಳುವುದು ಬೇಡ. ಅವರ ಎರಡೂ ಮಗ್ಗುಲಿನ ಜಮೀನಿಗೆ ಮರ ಬಂದಿತ್ತು. ಅವರನ್ನೂ ಕೇಳಿದ್ದರಂತೆ. ದರವೂ ಒಳ್ಳೆಯದೇ ಅಂತೆ. "ಮಕ್ಕಳು ಏನಂತಾರೆ?" ಎಂದು ಕೇಳಿದೆ. "ಮಾರು ಅಂತಾರೆ. ಒಳ್ಳೆಯ ಮಕ್ಕಳು. ನಾನು ಒಬ್ಬನೇ ಬಿದ್ದು ಸಾಯ್ತೀನಿ ಅಂತ ಅವರಿಗೆ ಭಯ." ಸ್ವಲ್ಪ ಹೊತ್ತು ಬಿಟ್ಟು, "ನನಗೆ ಏನು ಬೇಕು ಅಂತ ಕೇಳಿದ್ದರೆ ಚೆನ್ನಾಗಿತ್ತು" ಅಂದರು. ದೂರಿನ ಧ್ವನಿ ಅದಾಗಿರಲಿಲ್ಲ. ಹವಾಮಾನದ ಬಗ್ಗೆ ಮಾತಾಡಿದ ಹಾಗೆ ಹೇಳಿ, ನಾಯಿಗೆ ಬ್ರೆಡ್ಡಿನ ಅಂಚು ಹಾಕಿದರು. ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ಉಳಿದ ನಲವತ್ತು ಕಿಲೋಮೀಟರ್ ನಡುವಿನ ಗೇರಿನಲ್ಲೇ ಬಂದೆ. ರೈಲು ತಪ್ಪಲಿಲ್ಲ. ಈ ಕಡೆಯವರೇ ಆದ ಜಾನ್ ಮೆಕ್‌ಗ್ಯಾಹರ್ನ್ ಎಂಬ ಕಾದಂಬರಿಕಾರರ ಬಗ್ಗೆ ಆಫೀಸಿನ ಆ ಹುಡುಗಿ ಹೇಳಿದ್ದಳು. 1960ರ ದಶಕದಲ್ಲಿ ಅವರ ಕಾದಂಬರಿಯನ್ನು ನಿಷೇಧಿಸಿ, ಮೇಷ್ಟ್ರು ಕೆಲಸದಿಂದಲೂ ತೆಗೆದರು. ಊರೂರು ಸುತ್ತಿ, 1970ರ ದಶಕದಲ್ಲಿ ಲೀಟ್ರಿಮ್‌ಗೆ ವಾಪಸು ಬಂದು ಕೆರೆಯ ಪಕ್ಕ ಸಣ್ಣ ಜಮೀನು ಮಾಡಿಕೊಂಡು 2006ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಬರೆದರು. ವಾಪಸು ಹೋದವರೂ ಇದ್ದಾರೆ. ನಾನು ಹೋಗುತ್ತೇನೆಂದು ಸುಳ್ಳು ಹೇಳಲಾರೆ. ಮಗಳ ಶಾಲೆ, ಫ್ಲ್ಯಾಟಿನ ಸಾಲ, ಎಲ್ಲ ಪುಣೆಯಲ್ಲಿದೆ.

ಡಬ್ಲಿನ್ ತಲುಪಿದ ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಜಾವ, ಅವರು ಎದ್ದಿರುವ ಹೊತ್ತು. "ಎಂತ ಮಾರಾಯ, ಈ ಹೊತ್ತಲ್ಲಿ?" ಅಂದರು. ತೋಟದ ವಿಷಯ ಎತ್ತಿ, "ನಿಮಗೆ ಎಂತ ಬೇಕು ಅಪ್ಪಯ್ಯ?" ಎಂದು ಕೇಳಿದೆ. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಲೈನು ಹೋಯಿತೇನೋ ಅಂದುಕೊಂಡೆ. ಆಮೇಲೆ ಹೇಳಿದರು: "ಒಂದ್ಸಲ ಊರು ಬಿಡ್ಸಿದ್ರು. ಆವಾಗ ಅಪ್ಪಯ್ಯನ್ನ ಯಾರೂ ಕೇಳಲಿಲ್ಲ. ನೀನು ಕೇಳಿದೆಯಲ್ಲ, ಸಾಕು. ಇನ್ನೆರಡು ವರ್ಷ ನೋಡುವ."

ಗಿರಾಕಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ತಂಗಿಗೆ ಸಿಟ್ಟು ಬಂತು, ಅವಳದೂ ತಪ್ಪಲ್ಲ. ಬಿದ್ದರೆ ಯಾರು ನೋಡುತ್ತಾರೆ ಎಂಬ ಅವಳ ಪ್ರಶ್ನೆಗೆ ನನ್ನಲ್ಲಿ ಇನ್ನೂ ಪೂರ್ತಿ ಉತ್ತರವಿಲ್ಲ. ಪಕ್ಕದ ಮನೆಯ ಹುಡುಗನೊಬ್ಬ ದಿನಕ್ಕೆರಡು ಸಲ ಬಂದು ಹೋಗುತ್ತಾನೆ, ತೋಟ ಅರ್ಧ ಪಾಲಿಗೆ ಅವನಿಗೇ ಕೊಟ್ಟಿದ್ದೇವೆ. ನಾನು ಎರಡು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಎರಡು ವರ್ಷ ಕಳೆದ ಮೇಲೆ ಏನು ಎಂಬುದನ್ನು ಆಗ ನೋಡಬೇಕು.

ಹೋಗುವವರಿಗೆ ನಾಲ್ಕು ಮಾತು. ಅಲ್ಲೂ ನಮ್ಮ ಹಾಗೆಯೇ ಎಡಬದಿಯ ಸಂಚಾರ, ಆ ಚಿಂತೆ ಇಲ್ಲ. 2025ರ ಫೆಬ್ರವರಿಯಿಂದ ಹಳ್ಳಿಯ ಸ್ಥಳೀಯ ರಸ್ತೆಗಳ ವೇಗದ ಮಿತಿಯನ್ನು ಗಂಟೆಗೆ 80ರಿಂದ 60 ಕಿಲೋಮೀಟರಿಗೆ ಇಳಿಸಿದ್ದಾರೆ. ಆದರೂ N16ರಂಥ ಹೆದ್ದಾರಿಯಲ್ಲಿ ಲಾರಿಗಳ ಓಡಾಟವಿದೆ, ಸಾಧ್ಯವಾದಷ್ಟು ತಪ್ಪಿಸಿ. ಹಿಂದೆ 32 ಹಲ್ಲಿನ ಅಥವಾ ಅದಕ್ಕಿಂತ ದೊಡ್ಡ ಚಕ್ರವಿರುವ ಸೈಕಲ್, ಸ್ವಲ್ಪ ಅಗಲದ ಟಯರ್ ಕೇಳಿ ತೆಗೆದುಕೊಳ್ಳಿ. ಮೇ, ಜೂನ್ ಒಳ್ಳೆಯ ಹೊತ್ತು. ಹಳ್ಳಿಗಳಲ್ಲಿ ಭಾನುವಾರ ಅಂಗಡಿ ತೆರೆದಿರುತ್ತದೆಂದು ನಂಬಬೇಡಿ, ತಿನ್ನಲು ಜೇಬಿನಲ್ಲಿರಲಿ. ಸಸ್ಯಾಹಾರಿಗಳಿಗೆ ಸೂಪು, ಬ್ರೆಡ್ಡು ಎಲ್ಲಾದರೂ ಸಿಗುತ್ತದೆ. ಸೂಪು ಯಾವುದರದೆಂದು ಮಾತ್ರ ಕೇಳಿಕೊಳ್ಳಿ. ತುರ್ತಿಗೆ 112. ಫೋನಿಗೆ ಸಿಗ್ನಲ್ ಇಲ್ಲದ ಕಣಿವೆಗಳಿವೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಚೈನ್ ಟೂಲ್, ನಿಮ್ಮ ಚೈನಿಗೆ ಹೊಂದುವ ಒಂದು ಕ್ವಿಕ್ ಲಿಂಕ್ ಸೀಟಿನಡಿಯ ಚೀಲದಲ್ಲಿ ಇರಲೇಬೇಕು. ಎರಡೂ ಸೇರಿ ನೂರೈವತ್ತು ಗ್ರಾಮ್ ಆಗುವುದಿಲ್ಲ.

ಎದುರಿಗೆ ಬಂದವರಿಗೆ ಬೆರಳೆತ್ತುವುದನ್ನು ಮರೆಯಬೇಡಿ. ನಾನು ಈಗಲೂ ಮುಳಶಿ ರಸ್ತೆಯಲ್ಲಿ ಎತ್ತುತ್ತೇನೆ. ಹಾಲಿನ ಟೆಂಪೋದವನೊಬ್ಬ ಮಾತ್ರ ಈಚೆಗೆ ತಿರುಗಿ ಎತ್ತಲು ಶುರುಮಾಡಿದ್ದಾನೆ.

ಮುಂದಿನ ಸಂಚಿಕೆಗೆ ಊರಿನ ರಸ್ತೆ: ಹೊಸನಗರದಿಂದ ನಗರದ ಕೋಟೆ. ಅಪ್ಪಯ್ಯನ ಹಳೆಯ ಅಟ್ಲಾಸ್ ಸೈಕಲ್ ಮೇಲೆ, ಅದರ ಚೈನು ಸರಿಮಾಡಿಸಿಕೊಂಡು.